ಉಪ್ಪು ಹಿಡಿದಿಡುವ ಗ್ರಂಥಿ: ಗಂಡಸರಲ್ಲಿ, ಹೆಂಗಸರಲ್ಲಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೈದ್ಯನೊಬ್ಬನನ್ನು ವೇದಿಕೆಗೆ ಕರೆದದ್ದು ನಮ್ಮ ಕಾರ್ಯದರ್ಶಿಗಳ ಧೈರ್ಯವೇ ಸರಿ. ಹಿಂದೆ ನಾಡಗೀತೆ, ಮುಂದೆ ಹೋಳಿಗೆಯೂಟ, ನಡುವೆ ನನ್ನ ಉಪ್ಪಿನ ಮಾತು. ಉಪ್ಪಿನಕಾಯಿ ಬಿಡಿ, ಹಪ್ಪಳ ಬಿಡಿ ಎಂಬ ಉಪದೇಶವನ್ನು ತಾವೆಲ್ಲ ಸಾಕಷ್ಟು ಕೇಳಿದ್ದೀರಿ. ಅದನ್ನು ಮತ್ತೆ ಹೇಳಿ ಊಟದ ರುಚಿ ಕೆಡಿಸಲಾರೆ. ತಿಂದ ಉಪ್ಪನ್ನು ಹೊರಗೆ ಬಿಡದೆ ಮೈಯಲ್ಲೇ ಹಿಡಿದಿಡುವ ಒಂದು ಗ್ರಂಥಿಯುಂಟು. ಅದರಿಂದ ಬರುವ ರಕ್ತದೊತ್ತಡವು ಗಂಡಸರಲ್ಲಿ ಒಂದು ಬಗೆಯಾಗಿ, ಹೆಂಗಸರಲ್ಲಿ ಇನ್ನೊಂದು ಬಗೆಯಾಗಿ ನಡೆದುಕೊಳ್ಳುತ್ತದೆ. ಈ ದಿನ ಅದರ ವಿಚಾರವನ್ನು ನಿವೇದಿಸುತ್ತೇನೆ.

ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳಿಗೆ ಅಡ್ರೀನಲ್ ಗ್ರಂಥಿಗಳೆಂದು ಹೆಸರು. ಇವು ಸುರಿಸುವ ಹಾರ್ಮೋನುಗಳಲ್ಲಿ ಆಲ್ಡೊಸ್ಟೆರೋನ್ ಒಂದು. ಇದನ್ನು 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ರಸಾಯನಜ್ಞರ ಜೊತೆಗೂಡಿ ಬೇರ್ಪಡಿಸಿದರು. (ಮುಂದೆ ಇವರಿಬ್ಬರೂ ದಂಪತಿಗಳೂ ಆದರು.) ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡವು ರೆನಿನ್ ಎಂಬ ವಸ್ತುವನ್ನು ಹೊರಡಿಸಿ ಸೂಚನೆ ಕೊಡುತ್ತದೆ. ಆಗ ಆಲ್ಡೊಸ್ಟೆರೋನ್ ಬಂದು ಸೋಡಿಯಂ ಉಳಿಸುತ್ತದೆ, ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಕೆಲವರಲ್ಲಿ ಈ ಗ್ರಂಥಿ ಸೂಚನೆಗೆ ಕಾಯುವುದಿಲ್ಲ. ರೆನಿನ್ ಸುಮ್ಮನಾದರೂ ಅದು ತನ್ನಷ್ಟಕ್ಕೆ ಸುರಿಸುತ್ತಲೇ ಇರುತ್ತದೆ. ಉಪ್ಪು ನಿಂತು, ಅದರೊಡನೆ ನೀರು ನಿಂತು, ಒತ್ತಡ ಏರುತ್ತದೆ. ರಕ್ತದೊತ್ತಡವುಳ್ಳವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ, ಮೂರು ಔಷಧಗಳಿಗೂ ಬಗ್ಗದ ಒತ್ತಡದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಮೂಲ ಕಾರಣ ಇದೇ. ಹೀಗಿರುವಾಗ ಇದನ್ನು ಅಪರೂಪದ ರೋಗವೆನ್ನುವುದು ಹೇಗೆ?

ಇದನ್ನು ಮೊದಲು ಗುರುತಿಸಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರ್ ಜೆರೋಮ್ ಕಾನ್. ಯುದ್ಧಕಾಲದಲ್ಲಿ ಅವರು, ಸೆಕೆಯ ನಾಡುಗಳಿಗೆ ಹೋಗುವ ಸೈನಿಕರ ಬೆವರಿನಲ್ಲಿ ಎಷ್ಟು ಉಪ್ಪು ಹೋಗುತ್ತದೆಂಬುದನ್ನು ಅಭ್ಯಾಸ ಮಾಡಿದ್ದರು. 1954ರಲ್ಲಿ 34 ವಯಸ್ಸಿನ ಒಬ್ಬ ಹೆಂಗಸು ಅವರ ಬಳಿಗೆ ಬಂದಳು. ಏಳು ವರ್ಷಗಳಿಂದ ಆಕೆಗೆ ಸ್ನಾಯುಗಳ ಸೆಳೆತ, ಆಗಾಗ ಕಾಲು ಬಿದ್ದುಹೋಗುವಷ್ಟು ನಿಶ್ಶಕ್ತಿ; ಮೇಲೆ ಒತ್ತಡ. ಬೆವರಿನಲ್ಲಿ ಉಪ್ಪಿನ ಅಂಶ ತೀರ ಕಡಿಮೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಬೆವರಿನ ವಿದ್ಯೆ ಬಲ್ಲ ಕಾನ್‌ರಿಗೆ ಗುಟ್ಟು ಹೊಳೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಶಸ್ತ್ರಕ್ರಿಯೆ ನಡೆದಾಗ ಬಲಗಡೆಯ ಗ್ರಂಥಿಯಲ್ಲಿ ಒಂದು ಗಂಟು ಸಿಕ್ಕಿತು; ಅದನ್ನು ತೆಗೆದ ಮೇಲೆ ಆಕೆ ಗುಣಮುಖಳಾದಳು.

ಈ ಕಥೆಯನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ನಮ್ಮ ಮನೆಯಲ್ಲೇ ಅದು ನಡೆದಾಗ ನನಗೆ ಕಾಣಲಿಲ್ಲ.

ನನ್ನ ಅಕ್ಕ ಧಾರವಾಡದಲ್ಲಿದ್ದಾಳೆ. ನಲವತ್ತಾರನೆಯ ವಯಸ್ಸಿನಲ್ಲಿ ಒತ್ತಡ ಕಾಣಿಸಿಕೊಂಡು ಗುಳಿಗೆ ಒಂದಾಯಿತು, ಎರಡಾಯಿತು, ಮೂರಾಯಿತು. ನಾನು ಊರಿಗೆ ಹೋದಾಗಲೆಲ್ಲ, "ಮೆಟ್ಟಲಾ ಹತ್ತಲಿಕ್ಕೆ ಆಗವಲ್ದೋ ತಮ್ಮಾ, ಕಾಲಾಗ ಜೀವನ ಇಲ್ಲ" ಎನ್ನುತ್ತಿದ್ದಳು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೂತ್ರಕ್ಕೆ ಮೂರು ನಾಲ್ಕು ಸಲ ಏಳಬೇಕಾಗುತ್ತಿತ್ತು. "ವಯಸ್ಸಾತಲ್ಲಕ್ಕಾ, ಮುಟ್ಟು ನಿಲ್ಲೂ ಕಾಲ, ಇನ್ನ ಹಿಂಗ" ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅದೇ ಮನೆಯಲ್ಲಿ ಭಾವನವರಿಗೆ ಸ್ವಲ್ಪ ಎದೆ ಹಿಡಿದಂತಾದಾಗ ಒಂದು ವಾರದೊಳಗೆ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದವನು ನಾನೇ. ಅವರಿಗೆ ಇದ್ದದ್ದು ಅಜೀರ್ಣ. ಅಕ್ಕನ ಪೊಟ್ಯಾಸಿಯಂ ನೋಡಿಸಲು ನನಗೆ ಆರು ವರ್ಷ ಬೇಕಾಯಿತು; ಅದೂ ನಾನಾಗಿ ನೋಡಿಸಿದ್ದಲ್ಲ, ನನ್ನ ಅರ್ಧ ವಯಸ್ಸಿನ ಒಬ್ಬ ವೈದ್ಯೆ ಕೇಳಿದ್ದಕ್ಕೆ. ಅದು 2.9 ಇತ್ತು, 3.5ಕ್ಕಿಂತ ಕೆಳಗೆ ಹೋಗಬಾರದು. ಅಷ್ಟರಲ್ಲಿ ಸಕ್ಕರೆಯೂ ಏರಿತ್ತು.

ಸಕ್ಕರೆ ಏಕೆ ಏರಬೇಕು? ಚಯಾಪಚಯ ಎಂದು ನಾವು ಪುಸ್ತಕದಲ್ಲಿ ಬರೆಯುವ ಮಾತಿಗೆ, ಉಂಡ ಅನ್ನವು ಮೈಯಲ್ಲಿ ಸಕ್ಕರೆಯಾಗಿ, ಕೊಬ್ಬಾಗಿ, ಬಲವಾಗಿ ಮಾರ್ಪಡುವ ವ್ಯವಹಾರ ಎಂದರ್ಥ. ಇನ್ಸುಲಿನ್ ಹೊರಬೀಳಲು ಪೊಟ್ಯಾಸಿಯಂ ತಕ್ಕಷ್ಟು ಇರಬೇಕು. ಅದು ಸೋರಿಹೋದರೆ ಇನ್ಸುಲಿನ್ನೂ ಕುಂದುತ್ತದೆ. ಇದನ್ನು ಕಾನ್ ಅವರೇ 1965ರಲ್ಲಿ ಬರೆದರು. ಅಲ್ಲದೆ ಆಲ್ಡೊಸ್ಟೆರೋನ್ ಹೃದಯದಲ್ಲೂ ರಕ್ತನಾಳಗಳಲ್ಲೂ ನಾರು ಬೆಳೆಸಿ ಬಿರುಸಾಗಿಸುತ್ತದೆ. ಒತ್ತಡ ಅಷ್ಟೇ ಇರುವ ಇತರ ರೋಗಿಗಳಿಗಿಂತ ಇವರಲ್ಲಿ ಲಕ್ವ, ಹೃದಯದ ಬಡಿತ ತಪ್ಪುವಿಕೆ, ಸಕ್ಕರೆ ಕಾಯಿಲೆ ಎಲ್ಲವೂ ಹೆಚ್ಚೆಂದು 2005ರ ಪ್ಯಾರಿಸ್ ಅಭ್ಯಾಸ, ಆಮೇಲಿನ ಅಭ್ಯಾಸಗಳು ತೋರಿಸಿವೆ.

ಇನ್ನು ಗಂಡಸು ಹೆಂಗಸರ ಭೇದಕ್ಕೆ ಬರೋಣ. ಗಂಡಸಿನ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುತ್ತದೆ. ಹೆಂಗಸಿನದು ಮುಟ್ಟು ನಿಲ್ಲುವ ತನಕ ಸೊಂಟ ತೊಡೆಗಳ ಚರ್ಮದ ಕೆಳಗೆ ಇದ್ದು ಅಷ್ಟು ಕೇಡು ಮಾಡದು. ಆಮೇಲೆ ಅದೂ ಹೊಟ್ಟೆಗೆ ಬರುತ್ತದೆ. ಆದ್ದರಿಂದಲೇ ನಮ್ಮ ದೇಶದವರಿಗೆ ಸೊಂಟದಳತೆಯ ಎಚ್ಚರಿಕೆಯ ಗೆರೆ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80. ಒಳ್ಳೆಯ ಕೊಲೆಸ್ಟೆರಾಲ್ ಗಂಡಸಿಗೆ 40ಕ್ಕಿಂತ, ಹೆಂಗಸಿಗೆ 50ಕ್ಕಿಂತ ಕೆಳಗಿಳಿಯಬಾರದು. ಒಂದೇ ವರದಿಯ ಹಾಳೆ ಗಂಡನಿಗೆ ಸರಿಯೆನಿಸಿದರೂ ಹೆಂಡತಿಗೆ ಸರಿಯಲ್ಲದಿರಬಹುದು. ಸಕ್ಕರೆ ಕಾಯಿಲೆ ಒಮ್ಮೆ ಬಂತೆಂದರೆ ಹೃದ್ರೋಗದ ಅಪಾಯ ಹೆಂಗಸಿನಲ್ಲಿ ಗಂಡಸಿಗಿಂತ ಹೆಚ್ಚು ಪಟ್ಟು ಏರುತ್ತದೆ. ಅಲ್ಲಿಯ ತನಕ ಪ್ರಕೃತಿ ಕೊಟ್ಟಿದ್ದ ರಕ್ಷಣೆ ಬಹುಮಟ್ಟಿಗೆ ಕರಗಿಹೋಗುತ್ತದೆ.

ಹೆಂಗಸಿನ ಮೈಯಲ್ಲಿ ಇನ್ನೊಂದು ಸೋಜಿಗವುಂಟು. ತಿಂಗಳ ಎರಡನೆಯ ಅರ್ಧದಲ್ಲಿ ಹಾಗೂ ಬಸುರಿನಲ್ಲಿ ಹೆಚ್ಚುವ ಪ್ರೊಜೆಸ್ಟೆರೋನ್, ಆಲ್ಡೊಸ್ಟೆರೋನ್ ಕೂರಬೇಕಾದ ಮಣೆಯ ಮೇಲೆ ತಾನೇ ಹೋಗಿ ಕೂರುತ್ತದೆ. ಇದರಿಂದ ಕೆಲವರಲ್ಲಿ ಬಸುರಿನಲ್ಲಿ ಒತ್ತಡ ಇಳಿದು, ಹೆರಿಗೆಯಾದ ಮೇಲೆ ಮತ್ತೆ ತಲೆಯೆತ್ತುವುದುಂಟು. ಬಾಣಂತಿಯ ಆಯಾಸವೆಂದು ಮನೆಯವರು ತಿಳಿಯುತ್ತಾರೆ. ಗರ್ಭನಿರೋಧದ ಗುಳಿಗೆ ಸೇವಿಸುವವರಲ್ಲಿ ರೆನಿನ್ ಅಳತೆ ತಗ್ಗಿ, ಪರೀಕ್ಷೆ ಇಲ್ಲದ ರೋಗವನ್ನು ತೋರಿಸಬಹುದು. ವೈದ್ಯರು ಕೇಳದಿದ್ದರೂ ಸೋದರಿಯರು ತಾವಾಗಿ ಹೇಳಬೇಕು. ಈ ಗಂಟುಗಳಲ್ಲಿ ಪೊಟ್ಯಾಸಿಯಂ ದ್ವಾರದ ಒಂದು ಜೀನು ಕೆಟ್ಟಿರುವುದನ್ನು 2011ರಲ್ಲಿ ಕಂಡುಹಿಡಿದರು. ಆ ದೋಷವೂ ಹೆಂಗಸರ ಗಂಟುಗಳಲ್ಲೇ ಹೆಚ್ಚು.

ಗಂಡಸರು ನಿಶ್ಚಿಂತರಾಗಬೇಡಿ. ಹೊಟ್ಟೆ ಬೆಳೆದು, ಗೊರಕೆಯ ನಡುವೆ ಉಸಿರು ಕಟ್ಟಿ ನಿಲ್ಲುವವರಲ್ಲಿ ಒತ್ತಡವೂ ಇದ್ದರೆ ಈ ಗ್ರಂಥಿಯನ್ನು ಅನುಮಾನಿಸಲೇಬೇಕು. ಮದ್ದಿನಲ್ಲೂ ಭೇದವುಂಟು. ಆಲ್ಡೊಸ್ಟೆರೋನಿಗೆ ಅಡ್ಡ ನಿಲ್ಲುವ ಹಳೆಯ, ಅಗ್ಗದ ಔಷಧ ಸ್ಪೈರೊನೊಲ್ಯಾಕ್ಟೋನ್. ಅದರಿಂದ ಕೆಲವು ಗಂಡಸರಿಗೆ ಎದೆ ಊದಿ ನೋಯುತ್ತದೆ. ಹೆಂಗಸರಿಗೆ ಮುಟ್ಟು ಏರುಪೇರಾಗಬಹುದು. ಹೆಂಗಸು ಬಂದು ಹೇಳುತ್ತಾಳೆ. ಗಂಡಸು ನಾಚಿಕೊಂಡು ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾನೆ, ಒತ್ತಡ ಮತ್ತೆ ಏರುತ್ತದೆ. ಈ ತೊಂದರೆ ಕಡಿಮೆಯಿರುವ ಎಪ್ಲೆರೆನೋನ್ ಎಂಬ ಬದಲಿ ಮದ್ದು ಇದೆ, ಬಾಯಿಬಿಟ್ಟರೆ ಸಿಗುತ್ತದೆ.

ದೋಷ ಒಂದೇ ಗ್ರಂಥಿಯಲ್ಲಿದ್ದರೆ ಅದನ್ನು ತೆಗೆಯಬಹುದು. ಒಂಬತ್ತು ದೇಶಗಳ 705 ರೋಗಿಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 37 ಮಂದಿ ಗುಳಿಗೆಯಿಲ್ಲದೆಯೇ ಸರಿಯಾದರು, 47 ಮಂದಿಗೆ ಭಾಗಶಃ ಗುಣವಾಯಿತು. ಪೂರ್ತಿ ಗುಣವಾಗುವ ಸಂಭವ ಹೆಂಗಸರಲ್ಲೂ ಚಿಕ್ಕ ವಯಸ್ಸಿನವರಲ್ಲೂ ಹೆಚ್ಚಾಗಿತ್ತು. ಯಾರ ನೋವನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೇವೋ ಅವರೇ ಬೇಗ ಗುಣವಾಗಬಲ್ಲವರು. ಅಕ್ಕನ ಎಡಗಡೆಯ ಗ್ರಂಥಿಯಲ್ಲಿ ಬಟಾಣಿ ಕಾಳಿನಷ್ಟು ಗಂಟಿತ್ತು. ಈಗ ಗುಳಿಗೆ ಮೂರರ ಬದಲು ಒಂದು. ಇನ್ನೂ ಮೊದಲೇ ಹಿಡಿದಿದ್ದರೆ ಆ ಒಂದೂ ಬೇಕಾಗುತ್ತಿರಲಿಲ್ಲವೇನೋ. ಅವಳು ಈವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ.

ಪರೀಕ್ಷೆ ಸುಲಭ: ಒಮ್ಮೆ ರಕ್ತ ತೆಗೆದು ಆಲ್ಡೊಸ್ಟೆರೋನ್, ರೆನಿನ್ ಎರಡನ್ನೂ ಅಳೆದು ಹೋಲಿಸುವುದು, ಜೊತೆಗೆ ಪೊಟ್ಯಾಸಿಯಂ ನೋಡುವುದು. ಒತ್ತಡವಿರುವ ಪ್ರತಿಯೊಬ್ಬರಿಗೂ ಇದನ್ನು ಮಾಡಿಸುವುದೊಳ್ಳೆಯದೆಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿ 2025ರಲ್ಲಿ ಸಲಹೆ ಮಾಡಿದೆ.

ಕಾರ್ಯದರ್ಶಿಗಳ ಅಪ್ಪಣೆ ಪಡೆದು ಪಕ್ಕದ ಕೋಣೆಯಲ್ಲಿ ಒತ್ತಡ ಅಳೆಯುವ ಯಂತ್ರವನ್ನೂ ದರ್ಜಿಯ ಒಂದು ಟೇಪನ್ನೂ ಇಟ್ಟಿದ್ದೇನೆ. ಎಲೆ ಹಾಕುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿದೆ. ಬಡಿಸುವ ಸೋದರಿಯರು ಮೊದಲು ಬನ್ನಿ. ಅಷ್ಟು ಹೊತ್ತು ಪಲ್ಯದ ಪಾತ್ರೆಗಳನ್ನು ಗಂಡಸರು ನೋಡಿಕೊಳ್ಳಲಿ.