ಎಂಜಿನ್ ಇಳಿಸುವ ಮುನ್ನ

ಕಾರಿನ ಎಂಜಿನ್ ಕೈಕೊಟ್ಟ ದಿನ ಮನೆಯಲ್ಲಿ ಎರಡು ಪಕ್ಷ: 'ಗುಜರಿಗೆ ಹಾಕಿ' ಎನ್ನುವವರು, 'ಬೋರ್ ಮಾಡಿಸಿ' ಎನ್ನುವವರು. ಬಿಚ್ಚಿ ನೋಡುವ ತನಕ ಇಬ್ಬರ ಮಾತಿಗೂ ಬುಡವಿಲ್ಲ.

ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬರೀ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೆದರಬೇಕಿಲ್ಲ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಬಹುದು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಿದ್ದರೆ ಮಾತ್ರ ರಿಪೇರಿಯ ಆಸೆ ಬಿಡುವುದೇ ಲೇಸು.

ಸೆಕೆಂಡ್ ಹ್ಯಾಂಡ್ ಎಂಜಿನ್ ಅಗ್ಗ, ನಿಜ. ಆದರೆ ಅದು ಎಷ್ಟು ಓಡಿದೆಯೋ ಮಾರುವವನಿಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುತ್ತಾನೆಯೇ? ಬಿಲ್ ಇಲ್ಲದೆ ಕೊಳ್ಳಲೇಬೇಡಿ. ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಎಂಜಿನ್ ನಂಬರ್ ಏರಿಸಲೇಬೇಕು, ಇಲ್ಲವಾದರೆ ನಾಳೆ ವಿಮೆಯವರ ತಕರಾರು.

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಮೂರು ಸಿಲಿಂಡರಿನ ಆ 796 ಸಿಸಿ ಎಂಜಿನ್ನನ್ನು ಸಲೀಸಾಗಿ ಬಿಚ್ಚಿ ಜೋಡಿಸುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅಂಥವರು ಹತ್ತಿರದಲ್ಲಿದ್ದರೆ ನನ್ನ ಓಟು ರಿಪೇರಿಗೆ. ಎಸ್ಟಿಮೇಟು ಕಾರಿನ ಇಂದಿನ ಬೆಲೆಯನ್ನೇ ಮುಟ್ಟಿದರೆ ಮಾತು ಬೇರೆ. ಆಗಲೂ 'ಇದು ಅಪ್ಪ ಕೊಂಡ ಕಾರು' ಎಂದು ದುಡ್ಡು ಸುರಿಯುವವರಿದ್ದಾರೆ. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.