ಡ್ಯೂನ್ ಓದಿದ ಮೇಲೆ



ದಪ್ಪನೆಯ ಕಾದಂಬರಿಯೊಂದನ್ನು ಓದಿ ಮುಗಿಸಿದ್ದೀರಿ. ಕಥೆಯ ಗುಂಗು ಇನ್ನೂ ಇಳಿದಿಲ್ಲ. ಅಷ್ಟರಲ್ಲಿ ಅದೇ ಲೇಖಕ ಅದರ ಮುಂದುವರಿಕೆಯಾಗಿ ಮತ್ತೆ ಐದು ಪುಸ್ತಕ ಬರೆದಿದ್ದಾನೆಂದು ಗೊತ್ತಾಗುತ್ತದೆ. ಓದಬೇಕೋ, ಇಲ್ಲಿಗೇ ಬಿಡಬೇಕೋ? ಅಮೆರಿಕದ ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್' ಎಂಬ ವೈಜ್ಞಾನಿಕ ಕಾದಂಬರಿಯನ್ನು ಓದಿದವರ ಎದುರು ಈ ಪ್ರಶ್ನೆ ಬಂದೇ ಬರುತ್ತದೆ. 2021ರಲ್ಲಿ ಒಂದು, 2024ರಲ್ಲಿ ಇನ್ನೊಂದು ಸಿನಿಮಾ ಬಂದ ಮೇಲಂತೂ ಈ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡ ಎಳೆಯರು ಬಹಳ ಮಂದಿ. ಅವರಿಗಾಗಿ ಈ ನಾಲ್ಕು ಮಾತು.

ಈ ಕಾದಂಬರಿಯ ಬೀಜ ಬಿದ್ದದ್ದು ಆರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಿನ ಕಡಲತೀರದಲ್ಲಿ. ಅಲ್ಲಿ ಗಾಳಿಗೆ ಸರಿದು ಬರುವ ಮರಳುದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವ ಕೆಲಸ ನಡೆದಿತ್ತು. ಅದರ ಬಗ್ಗೆ ಪತ್ರಿಕೆಗೊಂದು ಲೇಖನ ಬರೆಯಲು ಹೋದ ಹರ್ಬರ್ಟ್ ಮರಳಿನ ಗುಂಗಿಗೇ ಬಿದ್ದ. ಲೇಖನ ಅಚ್ಚಾಗಲಿಲ್ಲ, ಕಾದಂಬರಿ ಬೆಳೆಯಿತು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಲ್ಲೆ ಎಂದ ಹಸ್ತಪ್ರತಿಯನ್ನು 1965ರಲ್ಲಿ ಪುಸ್ತಕವಾಗಿ ತಂದದ್ದು ಚಿಲ್ಟನ್. ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಸಂಸ್ಥೆ ಅದು!

ಅರಾಕಿಸ್ ಎಂಬ ನೀರಿಲ್ಲದ ಗ್ರಹ ಈ ಕಥೆಯ ನೆಲೆ. ಅಲ್ಲಿನ ಮರಳುಗಾಡಿನ ಮುಖಂಡ ಸ್ಟಿಲ್ಗಾರ್, ಹೊಸದಾಗಿ ಆಳಲು ಬಂದ ಡ್ಯೂಕನ ಮುಂದೆ ನಿಂತು ಅವನ ಮೇಜಿನ ಮೇಲೆ ಉಗುಳುತ್ತಾನೆ. ಸುತ್ತ ಇದ್ದವರು ಕೆರಳಿ ಏಳುವಷ್ಟರಲ್ಲಿ, ಆ ಜನರ ನಡುವೆ ಇದ್ದು ಬಂದ ಡಂಕನ್ ಎಂಬ ಯೋಧ ಅವರನ್ನು ತಡೆಯುತ್ತಾನೆ. ಹನಿ ನೀರಿಗೂ ತತ್ವಾರವಿರುವ ನಾಡಿನಲ್ಲಿ ಒಬ್ಬ ತನ್ನ ಮೈಯ ತೇವವನ್ನು ನಿಮಗೆ ಕೊಟ್ಟನೆಂದರೆ ಅದು ಗೌರವ. ಡಂಕನ್ ತಾನೂ ಅದೇ ಮೇಜಿನ ಮೇಲೆ ಉಗುಳುತ್ತಾನೆ. ಅದೇ ಜನ, ಮುಂದೊಂದು ಕಡೆ, ಸತ್ತವನಿಗಾಗಿ ಹುಡುಗನೊಬ್ಬ ಕಣ್ಣೀರು ಹಾಕಿದ್ದನ್ನು ಕಂಡು ಬೆರಗಾಗಿ ನಿಲ್ಲುತ್ತಾರೆ. ಭೂಗೋಳದಿಂದಲೇ ಒಂದು ಸಂಸ್ಕೃತಿಯನ್ನು ಕಟ್ಟಿ ನಿಲ್ಲಿಸುವ ಈ ಶಕ್ತಿಗಾಗಿಯೇ ಮೊದಲ ಪುಸ್ತಕವನ್ನು ಓದಬೇಕು.

ಆದರೆ ಅದೇ ಪುಸ್ತಕ ಓದುಗನನ್ನು ಒಂದು ಮೋಹಕ್ಕೂ ಬೀಳಿಸುತ್ತದೆ. ಆ ಹುಡುಗ, ಡ್ಯೂಕನ ಮಗ ಪಾಲ್, ತಂದೆಯನ್ನು ಕಳೆದುಕೊಂಡು ಮರಳುಗಾಡು ಸೇರುತ್ತಾನೆ, ಅಲ್ಲಿನವರಿಗೆ ಉದ್ಧಾರಕನಾಗಿ ಕಾಣುತ್ತಾನೆ, ಚಕ್ರವರ್ತಿಯನ್ನೇ ಮಣಿಸುತ್ತಾನೆ. ನಾವೂ ಅವನ ಗೆಲುವಿಗೆ ಹಿಗ್ಗುತ್ತೇವೆ. ಅವನ ಹೆಸರಿನಲ್ಲಿ ಧರ್ಮಯುದ್ಧ ನಡೆಯಲಿದೆ ಎಂಬ ಎಚ್ಚರಿಕೆ ಪುಟಗಳ ನಡುವೆ ಅಲ್ಲಲ್ಲಿ ಇದ್ದರೂ ಹಿಗ್ಗಿನಲ್ಲಿ ಅದು ಕಿವಿಗೆ ಬೀಳುವುದಿಲ್ಲ.

1969ರಲ್ಲಿ ಬಂದ ಎರಡನೆಯ ಪುಸ್ತಕ 'ಡ್ಯೂನ್ ಮೆಸ್ಸಾಯ' ಆ ಎಚ್ಚರಿಕೆಯನ್ನು ಕೇಳಿಸುತ್ತದೆ. ಹನ್ನೆರಡು ವರ್ಷ ಕಳೆದಿದೆ. ಪಾಲ್ ಸಿಂಹಾಸನದ ಮೇಲಿದ್ದಾನೆ. ಒಂದು ದಿನ ಅವನು ಸ್ಟಿಲ್ಗಾರನನ್ನು ಕೂರಿಸಿಕೊಂಡು ಭೂಮಿಯ ಹಳೆಯ ಇತಿಹಾಸ ಹೇಳುತ್ತಾನೆ: ಚೆಂಗಿಸ್ ಖಾನ್, ಹಿಟ್ಲರ್, ಅವರು ಕೊಂದವರ ಸಂಖ್ಯೆ. ಆಮೇಲೆ ತನ್ನ ಲೆಕ್ಕ ಕೊಡುತ್ತಾನೆ: 6,100 ಕೋಟಿ ಜನ, ಪೂರ್ತಿ ನಿರ್ಜೀವವಾದ 90 ಗ್ರಹ. ಸ್ಟಿಲ್ಗಾರನಿಗೆ ಇದರ ಭಾರ ತಟ್ಟುವುದೇ ಇಲ್ಲ. ಒಂದು ಕಾಲಕ್ಕೆ ಸ್ವತಂತ್ರ ಮನುಷ್ಯನಾಗಿದ್ದವನು ಈಗ ಬರೀ ಭಕ್ತ. ಮೊದಲ ಕಥೆಯನ್ನು ತನ್ನ 'ಅನಲಾಗ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ತಂದಿದ್ದ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಈ ಎರಡನೆಯ ಕಥೆಯನ್ನು ಒಪ್ಪಲಿಲ್ಲ. ಅವನಿಗೆ ನಾಯಕ ನಾಯಕನಾಗಿಯೇ ಇರಬೇಕಿತ್ತು. ಓದುಗರಲ್ಲೂ ಅನೇಕರಿಗೆ ನಿರಾಸೆಯಾಯಿತು. ಹರ್ಬರ್ಟ್ ಮಾತ್ರ ಮೊದಲ ಪುಸ್ತಕ ಮುಗಿಸುವ ಮುನ್ನವೇ ಎರಡನೆಯ ಮತ್ತು ಮೂರನೆಯ ಪುಸ್ತಕದ ಭಾಗಗಳನ್ನು ಬರೆದಿದ್ದ. ಜನ ತಮ್ಮ ವಿವೇಕವನ್ನು ಒಬ್ಬ ನಾಯಕನ ಕೈಗೆ ಒಪ್ಪಿಸಿಬಿಟ್ಟರೆ ಏನಾಗುತ್ತದೆ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು.

ಇದಕ್ಕೆ ನಮ್ಮದೇ ಒಂದು ಹೋಲಿಕೆ ಕೊಡುತ್ತೇನೆ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಬರೆದ. ನಾವು ಗಮಕದಲ್ಲಿ ಕೇಳಿ ತಣಿಯುವುದು ಕುಮಾರವ್ಯಾಸನನ್ನೇ. ಆದರೂ ಗೆದ್ದ ಪಕ್ಷದಲ್ಲಿದ್ದ ಕೃಷ್ಣನ ಕುಲದವರಾದ ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸತ್ತದ್ದನ್ನು ಅರಿಯದೆ ಭಾರತದ ಕಥೆ ಗೊತ್ತು ಎನ್ನಲಾಗದು. 'ಡ್ಯೂನ್' ಒಂದನ್ನೇ ಓದಿ ನಿಲ್ಲಿಸಿದವರು ಗದಾಪರ್ವಕ್ಕೆ ಎದ್ದು ಹೋದ ಹಾಗೆ.

ಎಲ್ಲ ಸರಣಿಗೂ ಇದೇ ಮಾತು ಹೊಂದುವುದಿಲ್ಲ. ಆರ್ಥರ್ ಸಿ. ಕ್ಲಾರ್ಕ್‌ನ 'ರಾಂಡೆವೂ ವಿತ್ ರಾಮ' 1973ರಲ್ಲಿ ಬಂತು. ಎಲ್ಲಿಂದಲೋ ಬಂದ ಭಾರೀ ನೌಕೆ ಯಾವ ಗುಟ್ಟನ್ನೂ ಬಿಟ್ಟುಕೊಡದೆ ಹೊರಟುಹೋಗುವುದೇ ಅದರ ಸೊಗಸು. 1989ರಿಂದ ಜೆಂಟ್ರಿ ಲೀ ಜೊತೆ ಸೇರಿ ತಂದ ಮೂರು ಪುಸ್ತಕಗಳು ಆ ಗುಟ್ಟನ್ನು ಬಿಡಿಸಿ ಹೇಳಲು ಹೊರಟವು. ನನ್ನ ಮಟ್ಟಿಗೆ ಮೊದಲನೆಯದೇ ಸಾಕು. ಐಸಾಕ್ ಅಸಿಮೋವ್‌ನ 'ಫೌಂಡೇಶನ್' 1951ರಿಂದ 1953ರೊಳಗೆ ಮೂರು ಪುಸ್ತಕವಾಗಿ ಬಂದಿತ್ತು. ನಾಲ್ಕನೆಯದನ್ನು ಅವನು ಬರೆದದ್ದು ಓದುಗರೂ ಪ್ರಕಾಶಕರೂ ಬೆನ್ನು ಹತ್ತಿದ ಮೇಲೆ, 1982ರಲ್ಲಿ. ಅಲ್ಲಿ ಮೂರಕ್ಕೆ ನಿಂತರೆ ನಷ್ಟವೇನಿಲ್ಲ. ಲೇಖಕನಿಗೆ ಹೇಳುವುದು ಉಳಿದಿತ್ತೋ, ಕೇಳುವವರು ಇದ್ದರೆಂದು ಹೇಳಿದನೋ ಎಂಬುದನ್ನು ನೋಡಿ ನಾನು ತೀರ್ಮಾನಿಸುತ್ತೇನೆ.

ಹಾಗಾಗಿ, 'ಡ್ಯೂನ್' ಮುಗಿಸಿರುವ ಗೆಳೆಯರೇ, ಎರಡನೆಯದನ್ನು ತಪ್ಪದೆ ಓದಿ; ಗಾತ್ರದಲ್ಲಿ ಅದು ಮೊದಲನೆಯದರ ಅರ್ಧದಷ್ಟೂ ಇಲ್ಲ. 1976ರ 'ಚಿಲ್ಡ್ರನ್ ಆಫ್ ಡ್ಯೂನ್' ಪಾಲ್‌ನ ಕಥೆಯನ್ನು ಕೊನೆ ಮುಟ್ಟಿಸುತ್ತದೆ, ಅದನ್ನೂ ಓದಿ. ನಾಲ್ಕನೆಯದರಲ್ಲಿ 3,500 ವರ್ಷ ಆಳಿದ, ಅರೆ ಮನುಷ್ಯ ಅರೆ ಮರಳುಹುಳುವಾದ ಅರಸನೊಬ್ಬನ ಮಾತೇ ಮಾತು. ತಾಳ್ಮೆ ಇದ್ದವರಿಗೆ ಅದು ದೊಡ್ಡ ಪುಸ್ತಕ, ಇಲ್ಲದವರು ಅಲ್ಲಿ ನಿಲ್ಲಬಹುದು. ಐದು ಮತ್ತು ಆರನೆಯದರಲ್ಲಿ ಹರ್ಬರ್ಟ್ ಹೊಸ ಕಥೆ ಹೂಡಿದ. ಅದನ್ನು ಮುಗಿಸುವ ಮೊದಲೇ, 1986ರ ಫೆಬ್ರುವರಿಯಲ್ಲಿ, ತೀರಿಕೊಂಡ. ಮಗ ಬ್ರಯಾನ್ ಮತ್ತೊಬ್ಬ ಲೇಖಕನೊಡನೆ ಸೇರಿ ಅದಕ್ಕೆ ಮುಕ್ತಾಯ ಬರೆದ. ಅವನ್ನೆಲ್ಲ ಓದದಿದ್ದರೂ ನಡೆಯುತ್ತದೆ. 'ಡ್ಯೂನ್ ಮೆಸ್ಸಾಯ'ವನ್ನು ಮಾತ್ರ ಬಿಡಬೇಡಿ.