ಹಾಡು ಬಂತು, ಸಂಕಮ್ಮ ಬರಲಿಲ್ಲ



ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ‘ಕೋಲುಮಂಡೆ’ ಹಾಡಿಗೆ ಕುಣಿದರು. ಡೊಂಬಿವಲಿಯಲ್ಲೇ ಹುಟ್ಟಿದ ಮಗಳನ್ನು, “ಇದು ಯಾರ ಕತೆ?” ಎಂದು ಕೇಳಿದೆ. “ಯೂಟ್ಯೂಬ್ ಹಾಡಮ್ಮ” ಎಂದಳು. ಉಡುಪಿ ಕಡೆಯವಳಾದ ನನಗೂ ಗೊತ್ತಿರಲಿಲ್ಲ, ಹುಡುಕಿ ಓದಿದೆ.

ಇದು ಮಲೆ ಮಹದೇಶ್ವರ ಕಾವ್ಯದ್ದು. ಕಂಸಾಳೆಯವರು ರಾತ್ರಿಯಿಡೀ ಹಾಡುವ ಕತೆ. 1996ರ ‘ಜನುಮದ ಜೋಡಿ’ ಚಿತ್ರದಿಂದ ಮನೆಮನೆಗೆ ಬಂತು. 2020ರಲ್ಲಿ ರ‍್ಯಾಪ್ ಆಯಿತು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ವಿಡಿಯೊ ತೆಗೆಯಬೇಕಾಯಿತು.

ಯಾರು ಈ ಸಂಕಮ್ಮ? ಕಾಡಿಗೆ ಜೇನಿಗೆಂದು ಹೊರಟ ಗಂಡ, ತಾನಿಲ್ಲದಾಗ ನಡತೆ ಕೆಡುವುದಿಲ್ಲವೆಂದು ಬಲಗೈ ಭಾಷೆ ಕೇಳಿದಾಗ ಕೊಡೆನೆಂದವಳು. ಅದಕ್ಕಾಗಿ ಹಿಂಸೆ ಉಂಡವಳು. ಅವಳ ಮೊರೆಗೆ ಮಾದಪ್ಪ ಬಂದ.

ಮಾಧ್ಯಮವನ್ನು ನಾನು ದೂರುವುದಿಲ್ಲ. ಅದಿಲ್ಲದಿದ್ದರೆ ಬೆಟ್ಟದ ಹಾಡು ಕಲ್ಯಾಣ, ಠಾಣೆಯ ಫ್ಲ್ಯಾಟುಗಳಿಗೆ ಬರುತ್ತಲೇ ಇರಲಿಲ್ಲ. ಆದರೆ ಐದು ನಿಮಿಷದ ಹಾಡಿನಲ್ಲಿ ತಾಳ ಉಳಿಯುತ್ತದೆ, ಹೆಂಗಸಿನ ಮಾತು ಉದುರಿಹೋಗುತ್ತದೆ. ಉದುರಿದ್ದನ್ನು ಹೆಕ್ಕಿ ಮಕ್ಕಳಿಗೆ ಕೊಡುವವರು ನಾವೇ. ಈ ಸಲ ಕುಣಿತಕ್ಕೆ ಮೊದಲು ಒಬ್ಬ ತಾಯಿ ಎರಡು ನಿಮಿಷ ಸಂಕಮ್ಮನ ಕತೆ ಹೇಳಲಿ. ಮೊದಲ ಸರದಿ ನನ್ನದೇ ಇರಲಿ.